ಹಿಂಬದಿಯನ್ನೂ ತೋರಿಸೋಣ



2024ರ ಡಿಸೆಂಬರ್ ತಿಂಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ಒಂದು ತಂಡ, 1996ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು, ನಮ್ಮಂಥ ನಿವೃತ್ತ ಶಿಕ್ಷಕರನ್ನೆಲ್ಲ ಕೂಡಿಸಿ ಗುರುವಂದನೆ ಸಲ್ಲಿಸಿದರು. ಶಾಲು, ಹಣ್ಣಿನ ಬುಟ್ಟಿ, ಗಾಜಿನ ನೆನಪಿನ ಕಾಣಿಕೆ, ಭಾಷಣ, ಊಟ ಎಲ್ಲವೂ ಸಾಂಗವಾಗಿ ನೆರವೇರಿದವು. ಬಂದವರು ಆ ದಿನವನ್ನು ಭಾಷಣಗಳಿಗಾಗಿ ನೆನೆಯುತ್ತಾರೋ ಹೋಳಿಗೆಯ ಊಟಕ್ಕಾಗಿ ನೆನೆಯುತ್ತಾರೋ ನಾನರಿಯೆ. ನಾನು ಮಾತ್ರ ಅದನ್ನು ನೆನೆಯುವುದು ಧ್ವನಿವರ್ಧಕ ಕೆಟ್ಟು ನಿಂತ ಮುಕ್ಕಾಲು ಗಂಟೆಗಾಗಿ. ಆ ಮುಕ್ಕಾಲು ಗಂಟೆಯ ವಿಷಯವನ್ನು ಬರೆಯಬೇಕೆಂದು ಅಂದಿನಿಂದಲೂ ಅಂದುಕೊಳ್ಳುತ್ತಿದ್ದೆ. ಬರೆಯಲು ಕುಳಿತರೆ ನನ್ನದೊಂದು ತಪ್ಪನ್ನೂ ಬರೆಯಬೇಕಾಗುತ್ತದೆಂದು ಮುಂದೂಡುತ್ತ ಬಂದೆ. ಇಂದು ಬರೆಯುತ್ತಿದ್ದೇನೆ.

ಧ್ವನಿವರ್ಧಕ ಸರಿಹೋಗುವವರೆಗೆ ಎಲ್ಲರೂ ಬೇವಿನ ಮರದ ನೆರಳಿನಲ್ಲಿ ಚಹಾ ಕುಡಿಯುತ್ತ ನಿಂತಿದ್ದೆವು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ವಿದ್ಯಾರ್ಥಿ ಸಂಕೋಚದಿಂದಲೇ ಮೊಬೈಲ್ ಮುಂದೆ ಹಿಡಿದು, “ಸರ್, ಇದನ್ನ ನಾನ ಮಾಡೀನ್ರಿ” ಎಂದ. ಹದಿನಾಲ್ಕು ಗುಳಿಗಳ ಒಂದು ಅಳಗುಳಿಮಣೆ. ರವಿವಾರಗಳಲ್ಲಿ ಉಳಿ, ಕೊಡತಿ ಹಿಡಿದು ತಾನೇ ಕೆತ್ತಿದ್ದು. ನಡುವೆ ಒಂದು ಉದ್ದನೆಯ ಬಿರುಕಿತ್ತು. “ಇದೇನಪ್ಪಾ?” ಎಂದು ಕೇಳಿದೆ. “ಹಸೀ ಕಟಗಿ ಇತ್ರೀ ಸರ್, ಅವಸರ ಮಾಡಿದೆ. ಎರಡನೇದಕ್ಕ ಕಟಗಿ ನೆರಳಾಗ ಆರು ತಿಂಗಳ ಒಣಗಿಸೀನ್ರಿ” ಎಂದು ಮುಂದಿನ ಚಿತ್ರ ತೋರಿಸಿದ. ಅದರಲ್ಲಿ ಬಿರುಕಿರಲಿಲ್ಲ.

ಅಷ್ಟೇ ಸಾಕಾಯಿತು. ಒಬ್ಬರ ಹಿಂದೆ ಒಬ್ಬರು ಮೊಬೈಲ್ ತೆಗೆದರು. ಬಳ್ಳಾರಿಯಲ್ಲಿ ನರ್ಸ್ ಆಗಿರುವವಳು ಕ್ರೋಶಾ ಕಡ್ಡಿಯಲ್ಲಿ ಹೆಣೆದ ಬಾಗಿಲ ತೋರಣ ತೋರಿಸಿದಳು. ಊರಿಗೆ ಬಂದುಹೋಗುವ ಬಸ್ಸಿನ ಪ್ರಯಾಣದಲ್ಲೇ ಹೆಣೆದದ್ದಂತೆ. ಗೊಬ್ಬರದ ಅಂಗಡಿ ಇಟ್ಟವನು ಪ್ಲಾಸ್ಟಿಕ್ ವೈರಿನ ಬುಟ್ಟಿಗಳನ್ನು ಹೆಣೆಯುತ್ತಾನೆಂಬುದನ್ನು ಅವನ ಹೆಂಡತಿ ನಗುತ್ತ ಬಯಲು ಮಾಡಿದಳು. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವವನು ಜೋಳದ ದಂಟಿನ ಬಂಡಿ ಮಾಡಿದ್ದ. ದಂಟಿನ ಸಿಬಿರು ಸುಲಿದು, ಒಳಗಿನ ಬೆಂಡನ್ನು ತುಂಡರಿಸಿ, ಆ ಸಿಬಿರನ್ನೇ ಮೊಳೆಯಂತೆ ಚುಚ್ಚಿ, ನೊಗ, ಈಸು, ಗಾಲಿ ಎಲ್ಲವನ್ನೂ ಕೂಡಿಸಿದ್ದ. ನಾವೆಲ್ಲ ಹುಡುಗರಿದ್ದಾಗ ಹೊಲದ ಬದುವಿನ ಮೇಲೆ ಕುಳಿತು ಮಾಡುತ್ತಿದ್ದ ಬಂಡಿ ಅದು. ಆದರೆ ಅದಕ್ಕೆ ಬೇಕಾದ ದಂಟು ಅವನ ಸ್ವಂತ ಊರಿನಲ್ಲಿ ಸಿಗಲಿಲ್ಲವಂತೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಬಂದ ಮೇಲೆ ನಮ್ಮ ಸಿಂಧನೂರು ಸೀಮೆಯ ಹೊಲಗಳು ಗದ್ದೆಗಳಾದವು, ಜೋಳ ಹಿಂದೆ ಸರಿದು ಭತ್ತ ಬಂತು. ಭತ್ತದ ಹುಲ್ಲಿನಲ್ಲಿ ಬಂಡಿ ಮಾಡಲು ಬರುವುದಿಲ್ಲ. ಅವನು ಲಿಂಗಸುಗೂರು ಕಡೆಯ ಒಣಭೂಮಿಯ ಬೀಗರಿಂದ ಒಂದು ಹೊರೆ ದಂಟು ತರಿಸಿಕೊಂಡು ಬೆಂಗಳೂರಿನ ಬಾಡಿಗೆ ಮನೆಯ ಮಾಳಿಗೆಯ ಮೇಲೆ ಕುಳಿತು ಮಗನಿಗೆ ಬಂಡಿ ಮಾಡಿಕೊಟ್ಟಿದ್ದ. ಒಂದು ಆಟಿಕೆ ಮರೆಯಾಗಲು ಮಕ್ಕಳ ನಿರಾಸಕ್ತಿಯೊಂದೇ ಕಾರಣವಲ್ಲ, ಬೆಳೆಯೂ ಕಾರಣವಾಗಬಲ್ಲದು ಎಂಬುದು ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಕಲಿಸಿದ ನನಗೆ ಅಂದು ಹೊಳೆಯಿತು.

ಧಾರವಾಡದ ಕಡೆಗೆ ಮದುವೆಯಾಗಿ ಹೋದ ಇನ್ನೊಬ್ಬಳು ಅತ್ತೆಯವರಿಂದ ಕಸೂತಿ ಕಲಿತಿದ್ದಳು. ಮೊಬೈಲ್ ಬದಿಗಿಟ್ಟು ತನ್ನ ಸೀರೆಯ ಸೆರಗನ್ನೇ ತೋರಿಸಿದಳು. ತೇರು, ತುಳಸಿಕಟ್ಟೆ, ನವಿಲು. ನಾವು ಚೆನ್ನಾಗಿದೆಯೆಂದು ತಲೆಯಾಡಿಸಿದೆವು. ಆಕೆ ಸೆರಗನ್ನು ಮಗುಚಿ, “ಸರ್, ಹಿಂದಿನ ಬದಿ ನೋಡ್ರಿ” ಎಂದಳು. ಹಿಂದೆಯೂ ಅದೇ ತೇರು, ಅದೇ ತುಳಸಿಕಟ್ಟೆ. ಎಲ್ಲಿಯೂ ಒಂದು ಗಂಟಿಲ್ಲ. ಆಮೇಲೆ ಆಕೆಯೇ ಪಾಠ ಹೇಳಿದಳು, ನಾನು ವಿದ್ಯಾರ್ಥಿಯಾದೆ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ; ಬಟ್ಟೆಯ ಎಳೆಗಳನ್ನು ಎಣಿಸಿಯೇ ಸೂಜಿ ಹಾಕಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆಗಳು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿದು, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾರೆ. ಆದ್ದರಿಂದ ಗವಂತಿ, ಮುರ್ಗಿಗಳಲ್ಲಿ ಮುಂಬದಿ ಹಿಂಬದಿ ಒಂದೇ ರೀತಿ ಕಾಣುತ್ತವೆ. ಒಂದು ಎಳೆ ತಪ್ಪಿದರೆ ಹಿಂದಕ್ಕೆ ಬಂದು ಬಿಚ್ಚಬೇಕು. “ಈ ನವಿಲಿನ ಕುತ್ತಿಗಿ ಮೂರು ಸಲ ಬಿಚ್ಚೀನ್ರಿ” ಎಂದು ಆಕೆ ಹೇಳಿದಾಗ ಸುತ್ತ ನಿಂತವರೆಲ್ಲ ಸೆರಗಿನ ಹತ್ತಿರ ಬಾಗಿದರು. ಕೇವಲ ಚೆನ್ನಾಗಿದೆ ಎಂದಾಗ ಯಾರೂ ಬಾಗಿರಲಿಲ್ಲ.

ಧ್ವನಿವರ್ಧಕ ಸರಿಹೋಯಿತು. ನಾವು ಮತ್ತೆ ಕುರ್ಚಿಗಳಿಗೆ ಹಿಂದಿರುಗಿದೆವು. ವೇದಿಕೆಯ ಮೇಲೆ ನನ್ನನ್ನು “ಮಕ್ಕಳ ಪ್ರತಿಭೆಯನ್ನು ಗುರುತಿಸಿ ಬೆಳೆಸಿದ ಗುರುಗಳು” ಎಂದು ಹೊಗಳಿದರು. ನನಗೆ ತಲೆ ತಗ್ಗಿಸಬೇಕೆನಿಸಿತು. ಏಕೆಂದರೆ ಮರದ ಕೆಳಗೆ ನಾನು ಕಂಡ ಪ್ರತಿಭೆಗಳಲ್ಲಿ ಒಂದನ್ನೂ ನಾನು ಗುರುತಿಸಿರಲಿಲ್ಲ. ಅಷ್ಟೇ ಅಲ್ಲ, ಗುರುತಿಸಲು ಶಾಲೆಯಲ್ಲಿ ಇದ್ದ ಒಂದೇ ಒಂದು ಅವಕಾಶವನ್ನು ನಾನೇ ನುಂಗಿಹಾಕಿದ್ದೆ.

ಅದೇ ನನ್ನ ತಪ್ಪು. ವಾರಕ್ಕೆ ಎರಡು ಅವಧಿ ಕಾರ್ಯಾನುಭವಕ್ಕೆಂದು ವೇಳಾಪಟ್ಟಿಯಲ್ಲಿ ಇರುತ್ತಿದ್ದವು. ನಮ್ಮ ಶಾಲೆಯಲ್ಲಿ ಬಹುಕಾಲ ವೃತ್ತಿ ಶಿಕ್ಷಕರ ಹುದ್ದೆ ಖಾಲಿಯಿತ್ತು. ಖಾಲಿ ಅವಧಿಯೆಂದು ಅದನ್ನು ನಾನು ಹತ್ತನೆಯ ತರಗತಿಯ ಪುನರಾವರ್ತನೆಗೆ ತೆಗೆದುಕೊಂಡೆ. ನಮ್ಮ ಭಾಗದ ಫಲಿತಾಂಶ ಪಟ್ಟಿಯ ಕೊನೆಯಲ್ಲಿರುತ್ತದೆಂಬ ಚುಚ್ಚುಮಾತು ಕೇಳಿ ಕೇಳಿ ಸಾಕಾಗಿತ್ತು. ಫಲಿತಾಂಶ ಏರಿತು, ಮುಖ್ಯೋಪಾಧ್ಯಾಯರು ಮೆಚ್ಚಿದರು, ಪಾಲಕರು ಕೈಮುಗಿದರು. ನಾನು ಅದನ್ನು ಹೆಮ್ಮೆಯಿಂದ ಹತ್ತಾರು ಕಡೆ ಹೇಳಿಕೊಂಡೂ ಇದ್ದೇನೆ. ವರ್ಷಕ್ಕೊಮ್ಮೆ ತನಿಖೆಗೆ ಬರುವವರಿಗೆ ತೋರಿಸಲು ಕಾಗದದ ಹೂವು, ಐಸ್‌ಕ್ರೀಮ್ ಕಡ್ಡಿಯ ಮನೆ, ಥರ್ಮೋಕೋಲಿನ ವಿಧಾನಸೌಧ ಇಷ್ಟನ್ನು ಜೋಡಿಸಿ ಇಡುತ್ತಿದ್ದೆವು. ಥರ್ಮೋಕೋಲಿನ ವಿಧಾನಸೌಧಕ್ಕೆ ತಪ್ಪದೆ ಮೊದಲ ಬಹುಮಾನ. ಅದನ್ನು ಮಗನಲ್ಲ, ತಂದೆ ಮಾಡಿದ್ದೆಂಬುದು ತೀರ್ಪುಗಾರನಾಗಿದ್ದ ನನಗೂ ಗೊತ್ತಿರುತ್ತಿತ್ತು.

ಒಂದು ವರ್ಷ ಒಬ್ಬ ಹುಡುಗಿ ಚಿಕ್ಕದೊಂದು ಕೌದಿ ಹೊಲಿದು ತಂದಿದ್ದಳು. ತಮ್ಮನಿಗೆಂದು ಹೊಲಿದದ್ದು. “ಇದು ಎಲ್ಲಾರ ಮನ್ಯಾಗೂ ಇರತದಲ್ಲವಾ, ಬೇರೆ ಏನರೆ ಮಾಡಬೇಕಿತ್ತು” ಎಂದು ನಾನು ಹೇಳಿದೆ. ಬೈದದ್ದಲ್ಲ, ಸಹಜವಾಗಿ ಹೇಳಿದ ಮಾತು. ಆಕೆ ಅದನ್ನು ಮಡಿಚಿ ಚೀಲದಲ್ಲಿಟ್ಟುಕೊಂಡಳು. ಮುಂದಿನ ವರ್ಷ ಅಂಗಡಿಯಿಂದ ಬಣ್ಣದ ಕಾಗದ ತಂದು ಹೂವು ಮಾಡಿದಳು. ನಾನು ಕಲಿಸಿದ್ದನ್ನು ಆಕೆ ಸರಿಯಾಗಿಯೇ ಕಲಿತಿದ್ದಳು.

ನಮ್ಮ ದೇಶದಲ್ಲಿ ಕೈಯಿಂದ ಕಲಿಯುವ ವಿಚಾರಕ್ಕೆ ಹಿರಿಯರ ಕೊರತೆಯಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮಿನ ವಿಚಾರ ಮುಂದಿಟ್ಟರು. ನೂಲುವುದು, ನೇಯುವುದು, ಬಡಗಿತನ ಇವುಗಳ ಮೂಲಕವೇ ಉಳಿದ ವಿಷಯಗಳನ್ನೂ ಕಲಿಸಬೇಕೆಂದರು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಪಠ್ಯಕ್ರಮದ ಭಾಗವಾಗಿಸಬೇಕೆಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರರ ಬಳಿ ಕಲಿಯಲೆಂದು ಹೇಳಿದೆ. ಬಿ.ಎಡ್. ಓದುವಾಗ ಮೊದಲ ಎರಡನ್ನು ನಾನು ಬಾಯಿಪಾಠ ಮಾಡಿ ಅಂಕ ಪಡೆದಿದ್ದೆ. ಆದ್ದರಿಂದ ತಪ್ಪು ಮೇಲಿನವರದೆಂದು ನಾನು ಹೇಳಲಾರೆ. ಮೂರು ತಲೆಮಾರು ಬರೆದದ್ದನ್ನು ತರಗತಿಯ ಬಾಗಿಲಲ್ಲಿ ತಡೆದು ನಿಲ್ಲಿಸಿದವರಲ್ಲಿ ನಾನೂ ಒಬ್ಬ.

ಇನ್ನೊಂದು ನೆನಪು ಬರುತ್ತದೆ. ಮಕ್ಕಳನ್ನು ಮಸ್ಕಿಗೆ ಎಷ್ಟೋ ಸಲ ಕರೆದುಕೊಂಡು ಹೋಗಿದ್ದೇನೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಶಿಲಾಶಾಸನದ ಮುಂದೆ ನಿಲ್ಲಿಸಿ, ‘ದೇವಾನಾಂಪ್ರಿಯ’ ಯಾರೆಂಬ ಪ್ರಶ್ನೆಗೆ ಅಶೋಕನೆಂಬ ಉತ್ತರ ಕೊಟ್ಟ ಕಲ್ಲು ಇದೆಂದು ಹೇಳಿದ್ದೇನೆ. ಆದರೆ ಅದೇ ಮಸ್ಕಿಯಲ್ಲಿ 1954ರಲ್ಲಿ ಉತ್ಖನನ ನಡೆದಾಗ, ಅಶೋಕನಿಗಿಂತಲೂ ಎಷ್ಟೋ ಹಿಂದಿನ ಜನರು ಬಣ್ಣದ ಕಲ್ಲುಗಳಿಂದ ಮಾಡಿದ ಮಣಿಗಳು ದೊರೆತ ವಿಷಯವನ್ನು ಒಂದು ಸಲವೂ ಹೇಳಲಿಲ್ಲ. ಅದು ಪರೀಕ್ಷೆಗೆ ಬರುತ್ತಿರಲಿಲ್ಲ. ಗಟ್ಟಿ ಕಲ್ಲಿನ ಚಿಕ್ಕ ಮಣಿಗೆ ಕಬ್ಬಿಣದ ಉಪಕರಣವಿಲ್ಲದ ಕಾಲದಲ್ಲಿ ರಂಧ್ರ ಕೊರೆಯುವುದೆಂದರೆ ಸಾಮಾನ್ಯ ಮಾತಲ್ಲ. ಒಬ್ಬ ಮಣಿಗಾರ ಇನ್ನೊಬ್ಬನಿಗೆ ತೋರಿಸಿ ಹೇಳಿಕೊಟ್ಟಿರದಿದ್ದರೆ ಆ ವಿದ್ಯೆ ಒಂದೇ ತಲೆಮಾರಿನಲ್ಲಿ ಮುಗಿದುಹೋಗುತ್ತಿತ್ತು. ಅರಸನ ಮಾತು ಕಲ್ಲಿನ ಮೇಲೆ ಉಳಿಯಿತು. ಮಣಿಗಾರನ ವಿದ್ಯೆ ಉಳಿಯಲು ಇದ್ದ ದಾರಿ ಒಂದೇ: ಕೈಯಿಂದ ಕೈಗೆ.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇನೆ. ಯಾರಾದರೂ ತಾವು ಮಾಡಿದ ವಸ್ತುವನ್ನು ತೋರಿಸಿದಾಗ ನಾವು ಕೇಳುವ ಪ್ರಶ್ನೆಗಳು ಎರಡೇ. ಮೊದಲನೆಯದು, “ಇದನ್ನ ಮಾರಿದರ ಎಷ್ಟು ಬರತೈತಿ?” ಎರಡನೆಯದು, “ಬಹುಮಾನ ಬಂತೇನು?” ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಕೂಡಲೇ ಮಾತು ಮುಗಿಯುತ್ತದೆ. ತೋರಿಸಿದವರ ಮುಖ ಬಾಡುತ್ತದೆ. ಕೇಳಬೇಕಾದ ಪ್ರಶ್ನೆ ಮೂರನೆಯದು: “ಇದನ್ನ ಹೆಂಗ ಮಾಡಿದಿ?” ಈ ಪ್ರಶ್ನೆಗೆ ಉತ್ತರ ಬೇಗ ಮುಗಿಯುವುದಿಲ್ಲ. ಹಸಿ ಕಟ್ಟಿಗೆಯ ಬಿರುಕು, ಮೂರು ಸಲ ಬಿಚ್ಚಿದ ನವಿಲಿನ ಕುತ್ತಿಗೆ, ಲಿಂಗಸುಗೂರಿನಿಂದ ತಂದ ದಂಟು ಇವೆಲ್ಲ ಆ ಪ್ರಶ್ನೆಯ ಉತ್ತರದಲ್ಲಿ ಬರುತ್ತವೆ. ಬೆಲೆ ಕೇಳಿದವನು ಗಿರಾಕಿಯಾಗುತ್ತಾನೆ, ಬಹುಮಾನ ಕೇಳಿದವನು ತೀರ್ಪುಗಾರನಾಗುತ್ತಾನೆ, ಹೇಗೆಂದು ಕೇಳಿದವನು ಮಾತ್ರ ಜೊತೆಗಾರನಾಗುತ್ತಾನೆ.

ಇದು ನಮಗೆ ಹೊಸ ವಿಚಾರವೇನೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಯನ್ನು ನೆನಪಿಸಿಕೊಳ್ಳಿ. ಎರೆಮಣ್ಣು ನಾದಿ ಪ್ರತಿ ಮನೆಯಲ್ಲೂ ಜೋಡೆತ್ತು ಮಾಡುತ್ತಿದ್ದೆವು. ಎಲ್ಲರ ಎತ್ತಿಗೂ ಪೂಜೆ, ಎಲ್ಲರ ಎತ್ತಿಗೂ ನೈವೇದ್ಯ. ಕೊಂಬು ಸೊಟ್ಟಗಾದ ಎತ್ತಿಗೆ ಕಡಿಮೆ ಕರಿಗಡುಬು ಇಡುತ್ತಿರಲಿಲ್ಲ. ಸಂಜೆ ಓಣಿಯ ಹುಡುಗರು ಒಬ್ಬರ ಎತ್ತನ್ನು ಇನ್ನೊಬ್ಬರು ನೋಡಲು ಹೋಗುತ್ತಿದ್ದೆವು. ಕೊರಳು ಬಿರುಕು ಬಿಡದಂತೆ ಮಣ್ಣಿಗೆ ಏನು ಬೆರೆಸಿದ, ಕಿವಿ ಅಂಟಿಸುವ ಮುನ್ನ ನೀರು ಹಚ್ಚಿದನೇ, ಇವನ್ನೆಲ್ಲ ಅಲ್ಲಿಯೇ ಕಲಿಯುತ್ತಿದ್ದೆವು. ಅದು ಸ್ಪರ್ಧೆಯಾಗಿರಲಿಲ್ಲ, ಸಂತೆಯೂ ಆಗಿರಲಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುವುದನ್ನು ನಾನು ಬಲ್ಲೆ. ಎರಡೂ ನ್ಯಾಯವಾದ ಆಕ್ಷೇಪಗಳೇ.

ಮೊದಲನೆಯದು: “ಬೆಲೆ ಕೇಳಬೇಡಿ ಎನ್ನುವುದು ಪಿಂಚಣಿ ಬರುವವರ ಮಾತು. ಕೈಕೆಲಸವನ್ನೇ ನಂಬಿ ಬದುಕುವವರ ಗತಿಯೇನು?” ನಿಜ. ಇಳಕಲ್ಲಿನ ನೇಕಾರನಿಗೆ, ಕಿನ್ನಾಳದ ಚಿತ್ರಗಾರನಿಗೆ ಬೆಲೆಯೇ ಅನ್ನ. ಧಾರವಾಡದ ಕಸೂತಿಗೆ 2006ರಲ್ಲಿ, ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತದ್ದು ಅವರ ಹೆಸರಿನಲ್ಲಿ ಬೇರೆಯವರು ಯಂತ್ರದ ಮಾಲು ಮಾರದಿರಲೆಂದು. ನನ್ನ ಬಾಲ್ಯದಲ್ಲಿ ಕೌದಿ ಹೊಲಿಯುವ ಹೆಣ್ಣುಮಕ್ಕಳು ಓಣಿಗೆ ಬಂದು, ಪಡಸಾಲೆಯಲ್ಲಿ ಕುಳಿತು ಹೊಲಿದುಕೊಟ್ಟು, ಜೋಳ ಮತ್ತು ಹಳೆಯ ಸೀರೆ ಪಡೆದು ಹೋಗುತ್ತಿದ್ದರು. ಅವರೊಡನೆ ನಮ್ಮವರು ಒಂದು ಸೇರು ಜೋಳಕ್ಕಾಗಿ ಚೌಕಾಶಿ ಮಾಡಿದ್ದನ್ನು ನಾನು ಕಂಡಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಆದ್ದರಿಂದ ಕಸಬುದಾರರ ಮುಂದೆ ಬೆಲೆ ಕೇಳಿ, ಕೇಳಿದಷ್ಟು ಕೊಡಿ. ನಾನು ಹೇಳುತ್ತಿರುವುದು ಹವ್ಯಾಸಕ್ಕಾಗಿ ಮಾಡುವ ನಮ್ಮ ನಿಮ್ಮ ವಿಷಯ. ಸಂಬಳವಿರುವ ನಾವು ಹವ್ಯಾಸದ ವಸ್ತುವನ್ನು “ನೂಲಿನ ಖರ್ಚು ಬಂದರೆ ಸಾಕು” ಎಂದು ಅಗ್ಗಕ್ಕೆ ಮಾರಿದರೆ, ಅದನ್ನೇ ನಂಬಿದವಳ ದಿನಗೂಲಿಯನ್ನು ಕಡಿಮೆ ಮಾಡಿದಂತಾಗುತ್ತದೆ. ಕೊಡುವುದಾದರೆ ಕಾಣಿಕೆಯಾಗಿ ಕೊಡೋಣ. ಮಾರುವುದಾದರೆ ನಮ್ಮ ದಿನಗಳನ್ನೂ ಲೆಕ್ಕ ಹಿಡಿದು ಸರಿಯಾದ ಬೆಲೆಗೆ ಮಾರೋಣ.

ಎರಡನೆಯ ಆಕ್ಷೇಪ ಇನ್ನೂ ಹತ್ತಿರದ್ದು. “ನಮ್ಮ ತಾಯಂದಿರು ಹವ್ಯಾಸಕ್ಕೆಂದು ಕೌದಿ ಹೊಲಿದರೇನು? ಕೊಳ್ಳಲು ದುಡ್ಡಿಲ್ಲದೆ ಹೊಲಿದರು.” ಇದೂ ನಿಜವೇ. ನನ್ನ ತಾಯಿ ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಚಿಮಣಿ ದೀಪದ ಬೆಳಕಿನಲ್ಲಿ ಹೊಲಿಯುತ್ತಿದ್ದಳು. ನಾವು ಅದನ್ನು “ಪುರುಸೊತ್ತಿನ ಕೆಲಸ” ಎನ್ನುತ್ತಿದ್ದೆವು, ಆಕೆಗೆ ಪುರುಸೊತ್ತೇ ಇರಲಿಲ್ಲ. ಅದಕ್ಕೆ ಕಸಬೆಂಬ ಹೆಸರೂ ಇರಲಿಲ್ಲ, ಹವ್ಯಾಸವೆಂಬ ಹೆಸರೂ ಇರಲಿಲ್ಲ. ಹೆಸರಿಲ್ಲದ ಕೆಲಸಕ್ಕೆ ಮರ್ಯಾದೆಯೂ ಇರಲಿಲ್ಲ. ಆದರೂ ಒಂದು ಮಾತು. ಚಳಿ ಕಳೆಯಲು ಅರಿವೆಗಳನ್ನು ಒಂದರ ಮೇಲೊಂದಿಟ್ಟು ಹೇಗಾದರೂ ಹೊಲಿದರೆ ಸಾಕಿತ್ತು. ಆಕೆ ನಾಲ್ಕು ಮೂಲೆಗಳಿಗೆ ಕೆಂಪು ಮುಕ್ಕೋನದ ತುಂಡು ಹಚ್ಚುತ್ತಿದ್ದಳು, ನಡುವೆ ಅಪ್ಪನ ಹಳೆಯ ರುಮಾಲಿನ ಚೌಕ ಕೂಡಿಸುತ್ತಿದ್ದಳು. ಆ ಮುಕ್ಕೋನಗಳಿಂದ ಚಳಿ ಕಳೆಯುವುದಿಲ್ಲ. ಬಡತನ ಕೌದಿಯನ್ನು ಹೊಲಿಸಿತು, ಮೂಲೆಯ ಕೆಂಪು ಮಾತ್ರ ಆಕೆಯದೇ ಆಯ್ಕೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ತಮ್ಮ ಕೌದಿಯ ಮೂಲೆಗಳಿಗೆ ಇಂಥ ತುಂಡು ಹಚ್ಚಿ ಅದನ್ನು ಹೂವೆಂದು ಕರೆಯುತ್ತಾರೆಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಆ ಕೌದಿಯ ಕಥೆ ಇನ್ನೊಂದಿಷ್ಟಿದೆ. ತಾಯಿ ತೀರಿಕೊಂಡದ್ದು 2011ರಲ್ಲಿ. ಆಕೆ ಹೊಲಿದವುಗಳಲ್ಲಿ ಒಂದೇ ಒಂದು ಕೌದಿ ನನ್ನ ಬಳಿ ಉಳಿದಿತ್ತು. 2020ರಲ್ಲಿ ನಿವೃತ್ತನಾಗಿ ಮನೆಯಲ್ಲಿ ಕುಳಿತಾಗ ಅದರ ಒಂದು ಬದಿ ಪೂರ್ತಿ ಹರಿದಿರುವುದನ್ನು ಕಂಡೆ. ಮಕ್ಕಳು, “ಅಪ್ಪಾಜಿ, ಹೊಸಾ ರಗ್ಗು ತರತೀವಿ, ಬಿಡ್ರಿ” ಎಂದರು. ನನಗೆ ರಗ್ಗು ಬೇಕಾಗಿರಲಿಲ್ಲ. ಸೂಜಿ ದಾರ ತೆಗೆದುಕೊಂಡು ನಾನೇ ಕುಳಿತೆ. ಎರಡು ದಿನದಲ್ಲಿ ಅದು ಗುಬ್ಬಿಗೂಡಿನಂತಾಯಿತು. ದಾರ ಸಿಕ್ಕಾಗುತ್ತಿತ್ತು, ಒಳಗಿನ ಪದರಗಳು ಮುದುಡಿ ಗಂಟಾಗುತ್ತಿದ್ದವು. ಬೇಸತ್ತು ಮಡಿಚಿ ಪೆಟ್ಟಿಗೆಯಲ್ಲಿಟ್ಟೆ. ಯಾರನ್ನಾದರೂ ಕೇಳಲು ನಾಚಿಕೆ. ಮಾಸ್ತರನಾದವನು ಕಲಿಸುವುದನ್ನು ಬಲ್ಲನೇ ಹೊರತು ಕೇಳುವುದನ್ನು ಬೇಗ ಕಲಿಯುವುದಿಲ್ಲ.

ಗುರುವಂದನೆಯ ದಿನ ಮರದ ಕೆಳಗೆ ಎಲ್ಲರೂ ತೋರಿಸಿ ಮುಗಿದ ಮೇಲೆ, “ಸರ್, ನೀವೇನು ಮಾಡತೀರಿ?” ಎಂದು ಯಾರೋ ಕೇಳಿದರು. ನನ್ನ ಬಾಯಿಂದ ಕೌದಿಯ ವಿಷಯ ಬಂದುಬಿಟ್ಟಿತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಬ್ಬಳು ನಗಲಿಲ್ಲ. ತಾಂಡಾದಿಂದ ಶಾಲೆಗೆ ಬರುತ್ತಿದ್ದ ಹುಡುಗಿ ಆಕೆ, ಈಗ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮುಂದಿನ ರವಿವಾರ ನಮ್ಮ ಮನೆಗೇ ಬಂದಳು. ಕೌದಿಯನ್ನು ನೆಲದ ಮೇಲೆ ಹಾಸಿ, ಮೊದಲು ಮಗುಚಿ ಹಿಂಬದಿಯನ್ನು ನೋಡಿದಳು. “ಸರ್, ದಾರ ಭಾಳ ಉದ್ದ ತಗೊಂಡೀರಿ, ಮೊಳ ಸಾಕು. ಮೊದಲ ಎಲ್ಲಾ ಕಡೆ ದೊಡ್ಡ ದೊಡ್ಡ ಟಾಕು ಹಾಕಿ ಪದರ ಹಿಡಿಸ್ಕೋರಿ. ಅಂಗೈಲೆ ಸವರಕೋತ ಹೋಗ್ರಿ” ಎಂದಳು. ಹತ್ತು ನಿಮಿಷದ ಪಾಠ. ನಾಲ್ಕು ವರ್ಷದಿಂದ ಪೆಟ್ಟಿಗೆಯಲ್ಲಿದ್ದ ಕೌದಿ ಎರಡು ತಿಂಗಳಲ್ಲಿ ಮುಗಿಯಿತು.

ಹೊಲಿಯುತ್ತ ಆಕೆ ತನ್ನ ಅಜ್ಜಿಯ ಕನ್ನಡಿ, ಕವಡೆ ಕೂಡಿಸಿದ ಬಟ್ಟೆಗಳ ವಿಷಯ ಹೇಳಿದಳು. ಆಗ ನನಗೆ ಇನ್ನೊಬ್ಬ ವಿದ್ಯಾರ್ಥಿಯ ನೆನಪಾಯಿತು. ಸಿಂಧನೂರಿನ ಬಳಿಯ ಪುನರ್ವಸತಿ ಕ್ಯಾಂಪುಗಳಿಗೆ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬದವನು. ಅವನ ತಾಯಿ ಹಳೆಯ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿಯುತ್ತಿದ್ದರು. ಅದಕ್ಕೆ ಅವರು ಕಾಂಥಾ ಎನ್ನುತ್ತಾರೆ. ಬಂಗಾಳದ ಹಳೆಯ ಪದ್ಧತಿಯಂತೆ ಬಣ್ಣದ ದಾರವನ್ನೂ ಹಳೆಯ ಸೀರೆಯ ಅಂಚಿನಿಂದಲೇ ಎಳೆದು ತೆಗೆಯುತ್ತಾರಂತೆ. ನಮ್ಮ ಕೌದಿ, ತಾಂಡಾದ ಹೊಲಿಗೆ, ಕ್ಯಾಂಪಿನ ಕಾಂಥಾ ಇವು ಒಂದೇ ತಾಲ್ಲೂಕಿನ ಮೂರು ಊರುಗಳಲ್ಲಿ, ಮೂರು ಭಾಷೆಗಳ ನಡುವೆ ನಡೆಯುತ್ತಿದ್ದ ಕೆಲಸಗಳು. ಮೂರಕ್ಕೂ ಆಧಾರ ಸೂಜಿಯನ್ನು ಒಳಗೆ ಹೊರಗೆ ಹಾಕುತ್ತ ಸಾಗುವ ಅದೇ ಸಾದಾ ಹೊಲಿಗೆ. ಆ ಮೂರು ಮನೆಗಳ ಮಕ್ಕಳು ನನ್ನ ತರಗತಿಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತಿದ್ದರು. ವಾರಕ್ಕೆ ಎರಡು ಅವಧಿ ನನ್ನ ಕೈಯಲ್ಲಿದ್ದವು. “ನಾಳೆ ಮನೆಯಿಂದ ಹೊದಿಕೆ ತಂದು ತೋರಿಸಿ” ಎಂದಷ್ಟು ಹೇಳಿದ್ದರೆ ಸಾಕಿತ್ತು. ಭಾವೈಕ್ಯದ ಬಗ್ಗೆ ನಾನು ಬರೆಸಿದ ಪ್ರಬಂಧಗಳಿಗಿಂತ ಅದು ಹೆಚ್ಚಿನದನ್ನು ಕಲಿಸುತ್ತಿತ್ತು.

ಹೋದದ್ದು ಹೋಯಿತು. ಆ ಅವಧಿಗಳನ್ನು ಹಿಂದಕ್ಕೆ ತರಲಾರೆ. ಆದರೆ ನಮ್ಮ ಮನೆಯಂಗಳ ಇದೆ. ಅದಕ್ಕಾಗಿ ಈ ಕೋರಿಕೆ.

ಬರುವ ಮಣ್ಣೆತ್ತಿನ ಅಮಾವಾಸ್ಯೆಯ ನಂತರದ ರವಿವಾರ ಬೆಳಿಗ್ಗೆ ತುರ್ವಿಹಾಳದ ನಮ್ಮ ಮನೆಗೆ ಬನ್ನಿ. ಯಾವ ಬ್ಯಾಚಿನವರಾದರೂ ಸರಿ, ಬಂಧುಗಳಾದರೂ ಸರಿ. ನೀವೇ ಕೈಯಾರೆ ಮಾಡಿದ ಒಂದು ವಸ್ತು ತನ್ನಿ. ಕಟ್ಟಿಗೆಯದಿರಲಿ, ನೂಲಿನದಿರಲಿ, ಮಣ್ಣಿನದಿರಲಿ, ಗುಜರಿಯ ಕಬ್ಬಿಣದಿಂದ ಮಾಡಿದ್ದಿರಲಿ. ಅರ್ಧಕ್ಕೆ ನಿಂತಿದ್ದರೂ ನಡೆದೀತು. ಏಕೆ ನಿಂತಿತೆಂದು ಹೇಳಿ, ಮುಂದಿನ ದಾರಿ ಬಲ್ಲವರು ಅಲ್ಲಿಯೇ ಇರಬಹುದು. ಮಕ್ಕಳನ್ನು ಕರೆತನ್ನಿ. ಮಾಸ್ತರನ ಮನೆಯಾದ್ದರಿಂದ ನಿಯಮಗಳಿಲ್ಲದೆ ಆಗುವುದಿಲ್ಲ, ಆದರೆ ನಾಲ್ಕೇ ನಿಯಮಗಳು. ವೇದಿಕೆ, ಶಾಲು, ಭಾಷಣ ಇರುವುದಿಲ್ಲ. ಬಹುಮಾನ ಇರುವುದಿಲ್ಲ. ಅಂದು ಯಾರೂ ಯಾರಿಗೂ ಬೆಲೆ ಕೇಳಬಾರದು. ತಂದವರು ಪ್ರತಿಯೊಬ್ಬರೂ ಅದನ್ನು ಹೇಗೆ ಮಾಡಿದರು, ಎಲ್ಲಿ ತಪ್ಪಿದರು ಎಂಬುದನ್ನು ಹೇಳಬೇಕು. ಹಿಂಬದಿಯಿರುವ ವಸ್ತುವಾದರೆ ಹಿಂಬದಿಯನ್ನೂ ತೋರಿಸಬೇಕು.

ಚಿಕ್ಕ ಕೌದಿ ಹೊಲಿದು ತಂದಿದ್ದ ಆ ಹುಡುಗಿ ಈಗ ಎಲ್ಲಿದ್ದಾಳೋ ನನಗೆ ತಿಳಿಯದು. ನಿಮ್ಮಲ್ಲಿ ಯಾರಾದರೂ ಆಕೆಯ ಸಹಪಾಠಿಗಳಿದ್ದರೆ ಈ ಮಾತನ್ನು ಮುಟ್ಟಿಸಿರಿ. ಆಕೆ ಏನನ್ನೂ ತರಬೇಕಾಗಿಲ್ಲ. ಬಂದರೆ, ಆ ದಿನ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳುತ್ತೇನೆ.

ನನ್ನ ಕೌದಿ ಅಂಗಳದ ಕಟ್ಟೆಯ ಮೇಲೆ ಹಾಸಿರುತ್ತದೆ. ಒಂದು ಬದಿಯ ಟಾಕುಗಳು ನೆಟ್ಟಗಿವೆ, ಅವು ನನ್ನ ತಾಯಿಯವು. ಇನ್ನೊಂದು ಬದಿಯವು ಸೊಟ್ಟಗಿವೆ. ಅವು ಯಾರವೆಂದು ಯಾರೂ ಕೇಳಬೇಕಾಗಿಲ್ಲ, ಹೇಗಾದವೆಂದು ಕೇಳಿದರೆ ಹೇಳುತ್ತೇನೆ.